ತೇವದ ಗಾಳಿಯಿದ್ದರೂ ತಂತಿ ಏಕೆ? ಇಂಧನ ತುಂಬುವಾಗಿನ ಕಿಡಿಯ ಕುರಿತು ಓದುಗರ ಪ್ರಶ್ನೆಗಳು

ಸಣ್ಣ ವಿಮಾನಗಳ ಆರೈಕೆಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಾಗ, ಇಂಧನ ತುಂಬುವ ಮೊದಲು ವಿಮಾನಕ್ಕೆ ತಂತಿ ಜೋಡಿಸಬೇಕೆಂಬ ವಿಷಯ ಒಂದೇ ವಾಕ್ಯದಲ್ಲಿ ಬಂದುಹೋಗಿತ್ತು. ಆ ಒಂದು ವಾಕ್ಯವನ್ನೇ ಹಿಡಿದು ಕಾರವಾರದಿಂದ ಭಟ್ಕಳದವರೆಗಿನ ಓದುಗರು, ಘಟ್ಟದ ಮೇಲಿನ ಶಿರಸಿಯವರೂ ಪತ್ರ ಬರೆದಿದ್ದಾರೆ. ಹಲವು ವರ್ಷ ತರಬೇತಿ ವಿಮಾನಗಳಿಗೆ ಇಂಧನ ತುಂಬುವ ಕೆಲಸವನ್ನೇ ಮಾಡಿದವನಾದ್ದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳು ಘಟ್ಟದ ಮೇಲಿನ ಒಂದು ತರಬೇತಿ ಶಾಲೆಯಲ್ಲಿ ವಿಮಾನ ಚಾಲನೆ ಕಲಿಯುತ್ತಿದ್ದಾಳೆ. ಪ್ರತಿ ಸಲ ಇಂಧನ ತುಂಬುವಾಗಲೂ ತಂತಿ ಸಿಕ್ಕಿಸಿಯೇ ಮುಚ್ಚಳ ತೆಗೆಯಬೇಕೆಂದು ಅಲ್ಲಿ ಕಟ್ಟುನಿಟ್ಟಾಗಿ ಕಲಿಸಿದ್ದಾರಂತೆ. ಒಣಹವೆಯ ಊರಿಗೆ ಅದು ಸರಿಯಿರಬಹುದು. ಆದರೆ ಡಬ್ಬದೊಳಗಿನ ಉಪ್ಪೇ ನೀರಾಗುವ ನಮ್ಮ ಕಡಲತೀರದಲ್ಲಿ ಸ್ಥಾಯೀ ವಿದ್ಯುತ್ತು ನಿಲ್ಲುವುದಾದರೂ ಹೇಗೆ? (ಓದುಗರು, ಕಾರವಾರ)

ಉತ್ತರ: ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ, ಮತ್ತು ಕರಾವಳಿಯಲ್ಲಿ ಮೈಮರೆವಿಗೆ ಕಾರಣವಾಗುವುದು ಆ ಅರ್ಧ ಸತ್ಯವೇ ಎಂದು ನನ್ನ ಅನುಭವ ಹೇಳುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 60ನ್ನು ದಾಟಿದಾಗ ಬಟ್ಟೆ, ಪ್ಲಾಸ್ಟಿಕ್, ಚರ್ಮ ಮುಂತಾದವುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂತು, ಉಜ್ಜಾಟದಿಂದ ಹುಟ್ಟಿದ ವಿದ್ಯುದಾವೇಶ ಅದರ ಮೂಲಕ ಸೋರಿಹೋಗುತ್ತದೆ. ಮಳೆಗಾಲದ ಕಾರವಾರದಲ್ಲಿ ಬಾಗಿಲ ಹಿಡಿ ಮುಟ್ಟಿದಾಗ ಯಾರಿಗೂ ಚುರುಕ್ ಎನ್ನದಿರುವುದು ಇದರಿಂದಲೇ.

ಆದರೆ ಇಂಧನದೊಳಗಿನ ಆವೇಶ ಹುಟ್ಟುವುದು ಗಾಳಿಯಲ್ಲಲ್ಲ, ಗಾಳಿಯ ಸೋಂಕೇ ಇಲ್ಲದ ಪೈಪಿನ ಹೊಟ್ಟೆಯಲ್ಲಿ. ಪೆಟ್ರೋಲಿನಂಥ ಶುದ್ಧ ಇಂಧನದಲ್ಲೂ ಅತ್ಯಲ್ಪ ಪ್ರಮಾಣದಲ್ಲಿ ವಿದ್ಯುತ್ ಹೊತ್ತ ಕಣಗಳಿರುತ್ತವೆ. ಇಂಧನ ಪೈಪಿನಲ್ಲಿ ಹರಿಯುವಾಗ ಅವುಗಳಲ್ಲಿ ಒಂದು ಬಗೆಯವು ಪೈಪಿನ ಗೋಡೆಗೆ ಅಂಟಿಕೊಂಡು, ವಿರುದ್ಧ ಬಗೆಯವು ಹರಿವಿನ ಜೊತೆಗೆ ಮುಂದೆ ಸಾಗುತ್ತವೆ. ಇಂಧನ ಸೋಸುವ ಫಿಲ್ಟರಿನಲ್ಲಿ ಇದು ಹತ್ತಾರು ಪಟ್ಟು ಹೆಚ್ಚುತ್ತದೆ, ಏಕೆಂದರೆ ಅದರ ಸಣ್ಣ ಸಣ್ಣ ರಂಧ್ರಗಳ ಒಟ್ಟು ಮೈಹರವು ಪೈಪಿನದಕ್ಕಿಂತ ಬಹಳ ದೊಡ್ಡದು. ಹೀಗೆ ಆವೇಶ ಹೊತ್ತ ಇಂಧನ ರೆಕ್ಕೆಯೊಳಗಿನ ಟ್ಯಾಂಕಿಗೆ ಬೀಳುತ್ತಾ ಹೋದಂತೆ ವಿಮಾನದ ಮೈಯ ವಿಭವ, ಅಂದರೆ ವೋಲ್ಟಿನಲ್ಲಿ ಅಳೆಯುವ ವಿದ್ಯುತ್ ಮಟ್ಟ, ಏರುತ್ತದೆ. ಇತ್ತ ಪಂಪು, ಪೈಪು, ನಾಝಲ್ ಬೇರೆಯೇ ವಿಭವದಲ್ಲಿ ನಿಂತಿರುತ್ತವೆ. ಎರಡನ್ನೂ ತಂತಿಯಿಂದ ಬೆಸೆಯದಿದ್ದರೆ ಆ ಅಂತರ ತುಂಬಿಕೊಳ್ಳುವುದು ಕಿಡಿಯ ಮೂಲಕ, ಅದೂ ಇಂಧನದ ಆವಿ ಹೊರಬರುತ್ತಿರುವ ಟ್ಯಾಂಕಿನ ಬಾಯಲ್ಲಿ. ಹೊರಗಿನ ಗಾಳಿ ಎಷ್ಟೇ ಒದ್ದೆಯಿದ್ದರೂ ಪೈಪಿನೊಳಗೆ ನಡೆಯುವ ಈ ಕ್ರಿಯೆಯನ್ನು ಅದು ತಡೆಯಲಾರದು.

ಎಷ್ಟು ದೊಡ್ಡ ಕಿಡಿ ಬೇಕು ಎಂಬುದನ್ನೂ ನೋಡೋಣ. ಪೆಟ್ರೋಲಿನ ಆವಿ ಗಾಳಿಯಲ್ಲಿ ಸರಿಯಾದ ಪ್ರಮಾಣದಲ್ಲಿ ಬೆರೆತಿದ್ದರೆ ಹೊತ್ತಿಕೊಳ್ಳಲು ಸುಮಾರು 0.25 ಮಿಲಿಜೂಲ್ ಶಕ್ತಿ ಸಾಕು. ಮನುಷ್ಯನ ಮೈಯಲ್ಲಿ ಸುಮಾರು 3,000 ವೋಲ್ಟಿನಷ್ಟು ಆವೇಶ ಸೇರಿದಾಗಷ್ಟೇ ಬೆರಳ ತುದಿಗೆ ಚುರುಕ್ ಎಂದದ್ದು ಗೊತ್ತಾಗತೊಡಗುತ್ತದೆ, ಮತ್ತು ಆ ಮಟ್ಟದ ಕಿಡಿಯಲ್ಲೇ 0.6 ಮಿಲಿಜೂಲಿಗಿಂತ ಹೆಚ್ಚು ಶಕ್ತಿ ಇರುತ್ತದೆ. ಅಂದರೆ ನಮ್ಮ ಅರಿವಿಗೆ ಬರುವಷ್ಟರ ಹೊತ್ತಿಗೆ ಕಿಡಿ ಅಪಾಯದ ಗೆರೆಯನ್ನು ದಾಟಿ ಎರಡು ಪಟ್ಟಾಗಿರುತ್ತದೆ. ವಿಮಾನದ ಮೈ ನಮ್ಮ ಮೈಗಿಂತ ದೊಡ್ಡದಾದ್ದರಿಂದ ಅಷ್ಟೇ ವೋಲ್ಟಿಗೆ ಅದು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಇನ್ನೂ ಹೆಚ್ಚು.

ಇನ್ನು ನಮ್ಮ ಕರಾವಳಿ ವರ್ಷವಿಡೀ ಒದ್ದೆಯಾಗಿರುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಘಟ್ಟದ ಕಡೆಯಿಂದ ಇಳಿದು ಬರುವ ಮೂಡಣ ಗಾಳಿ ತುಟಿ ಒಡೆಸುವಷ್ಟು ಒಣಗಿರುತ್ತದೆಂಬುದು ನಿಮಗೆ ಗೊತ್ತೇ ಇದೆ. ಕಡಲ ಗಾಳಿ ಬೀಸತೊಡಗುವವರೆಗಿನ ಆ ಹೊತ್ತೇ ಸಣ್ಣ ವಿಮಾನಗಳ ಹಾರಾಟಕ್ಕೆ ಹೇಳಿಮಾಡಿಸಿದ ಹೊತ್ತು. ನಿಮ್ಮ ಮಗಳಿಗೆ ಕಲಿಸಿದ್ದು ಸರಿಯಾಗಿಯೇ ಇದೆ. ಊರಿಗೆ ಬಂದಾಗ ಅದನ್ನು ಬಿಡಬಾರದು.

ಪ್ರಶ್ನೆ: ತಂತಿಯನ್ನು ನೆಲದಲ್ಲಿ ಹೂತ ಅರ್ಥಿಂಗ್ ಕಂಬಿಗೆ ಕಟ್ಟಿದರೆ ಸಾಲದೇ? ಪಂಪಿನಿಂದ ಬೇರೆ, ನಾಝಲ್‌ನಿಂದ ಬೇರೆ ಎಂದು ಎರಡೆರಡು ತಂತಿಗಳು ಏಕೆ? ಯಾವುದನ್ನು ಮೊದಲು ಸಿಕ್ಕಿಸಬೇಕು? (ಓದುಗರು, ಅಂಕೋಲಾ)

ಉತ್ತರ: ಮನೆಯ ವೈರಿಂಗ್ ಬಲ್ಲವರಿಗೆ ಅರ್ಥಿಂಗ್ ಎಂದರೆ ಎಲ್ಲಕ್ಕೂ ಮದ್ದು ಎಂಬ ಭಾವನೆ ಇರುವುದು ಸಹಜ. ಇಲ್ಲಿ ನಮಗೆ ಬೇಕಾದದ್ದು ವಿಮಾನವೂ ಇಂಧನ ಕೊಡುವ ಉಪಕರಣವೂ ಒಂದೇ ವಿಭವದಲ್ಲಿರುವುದು, ಅಂದರೆ ಇವೆರಡರ ನಡುವಿನ ನೇರ ಬೆಸುಗೆ. ಅದಕ್ಕೆ ಬಾಂಡಿಂಗ್ ಎಂದು ಹೆಸರು. ವಿಮಾನವನ್ನು ಮಾತ್ರ ನೆಲಕ್ಕೆ ಕಟ್ಟಿ ಇಂಧನದ ಬೌಸರ್ ಲಾರಿಯನ್ನು ಟಯರುಗಳ ಮೇಲೆ ಬಿಟ್ಟರೆ, ಇಬ್ಬರ ನಡುವಿನ ಅಂತರ ಹಾಗೆಯೇ ಉಳಿಯಬಹುದು. ಅರ್ಥಿಂಗ್ ಇದ್ದರೆ ಒಳ್ಳೆಯದೇ, ಆದರೆ ಅದು ಬಾಂಡಿಂಗಿನ ಜಾಗವನ್ನು ತುಂಬುವುದಿಲ್ಲ.

ಕ್ರಮ ಹೀಗಿರಬೇಕು. ಎಂಜಿನ್ ನಿಂತು, ಮ್ಯಾಗ್ನೆಟೋ (ಎಂಜಿನ್ನಿಗೆ ಕಿಡಿ ಒದಗಿಸುವ ಸಾಧನ) ಮತ್ತು ಮಾಸ್ಟರ್ ಸ್ವಿಚ್ಚುಗಳು ಆರಿ, ಒಳಗಿದ್ದವರು ಇಳಿದ ಮೇಲೆ, ಬೌಸರ್ ಅಥವಾ ಪಂಪಿನ ತಂತಿಯನ್ನು ವಿಮಾನದ ಬರಿಯ ಲೋಹಕ್ಕೆ ಕಚ್ಚಿಸಬೇಕು. ಸೆಸ್ನಾ 172ರಂಥ ವಿಮಾನಗಳಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ಹೊಗೆ ಕೊಳವೆಯನ್ನೋ, ರೆಕ್ಕೆಯ ಕೆಳಗಿನ ಹಗ್ಗ ಕಟ್ಟುವ ಲೋಹದ ಬಳೆಯನ್ನೋ ಇದಕ್ಕೆ ಬಳಸುತ್ತಾರೆ. ಪ್ರೊಪೆಲ್ಲರಿಗಾಗಲಿ, ರೇಡಿಯೋ ಆಂಟೆನಾಗಾಗಲಿ, ವೇಗ ಅಳೆಯುವ ಪಿಟಾಟ್ ಕೊಳವೆಗಾಗಲಿ ಎಂದೂ ಸಿಕ್ಕಿಸಬಾರದು. ಆಮೇಲೆ ನಾಝಲ್‌ನ ಗಿಡ್ಡ ತಂತಿಯನ್ನು ಟ್ಯಾಂಕಿನ ಬಾಯಿಯ ಪಕ್ಕದಲ್ಲಿ ಅದಕ್ಕೆಂದೇ ಇರುವ ಜಾಗಕ್ಕೆ ಸೇರಿಸಬೇಕು. ಅಂಥ ಜಾಗ ಇಲ್ಲದಿದ್ದರೆ ಮುಚ್ಚಿರುವ ಲೋಹದ ಮುಚ್ಚಳಕ್ಕೇ ನಾಝಲ್ ತಾಗಿಸಬೇಕು. ಇಷ್ಟಾದ ನಂತರವೇ ಮುಚ್ಚಳ ತೆಗೆಯುವುದು. ತುಂಬುವಷ್ಟು ಹೊತ್ತೂ ನಾಝಲ್ ಟ್ಯಾಂಕಿನ ಕಂಠಕ್ಕೆ ತಾಗಿಯೇ ಇರಬೇಕು. ಮುಗಿದ ಮೇಲೆ ಎಲ್ಲವೂ ಹಿಮ್ಮುಖವಾಗಿ: ಮೊದಲು ಮುಚ್ಚಳ ಹಾಕಿ, ನಂತರ ನಾಝಲ್ ತಂತಿ, ಕೊನೆಗೆ ದೊಡ್ಡ ತಂತಿ.

ಈ ಕ್ರಮ ಏಕೆಂದು ನಾನು ಓದಿ ತಿಳಿದದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ, ಬಯಲುಸೀಮೆಯ ಒಂದು ಹಾರಾಟದ ಅಂಗಳದಲ್ಲಿ, ಆಗಷ್ಟೇ ಇಳಿದು ಬಂದ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಮುಂಗವಚವನ್ನು ಒಣ ಬಟ್ಟೆಯಿಂದ ಚೆನ್ನಾಗಿ ಉಜ್ಜಿ ಒರೆಸಿ, ತಂತಿಯ ಕ್ಲಿಪ್ಪನ್ನು ಚಕ್ರದ ಕಾಲಿಗೆ ಸಿಕ್ಕಿಸಿ, ಏಣಿ ಹತ್ತಿ ನಾಝಲ್ ಮುಂದೆ ಚಾಚಿದೆ. ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಅದಕ್ಕೆ ನಾಝಲ್ ತಾಗುವ ಮುನ್ನವೇ ಚಟ್ ಎಂದು ಸದ್ದಾಗಿ, ಹುಲ್ಲಿನೆಳೆಯಷ್ಟು ತೆಳುವಾದ ನೀಲಿ ಕಿಡಿಯೊಂದು ಹಾರಿದ್ದನ್ನು ಕಣ್ಣಾರೆ ಕಂಡೆ. ಕೆಳಗಿದ್ದ ಹಿರಿಯ ಮೆಕ್ಯಾನಿಕ್ ನಮ್ಮ ಕರಾವಳಿಯವರೇ. ಏನೂ ಬೈಯದೆ ನನ್ನನ್ನು ಇಳಿಸಿ, ಕ್ಲಿಪ್ಪನ್ನು ಬಿಡಿಸಿ, ಅದು ಕಚ್ಚಿದ್ದ ಕಡೆ ಉಗುರಿನಿಂದ ಕೆರೆದು ತೋರಿಸಿದರು. ಬಿಳಿ ಬಣ್ಣದ ಮೇಲೆ ಹಲ್ಲಿನ ಗುರುತು ಮೂಡಿತ್ತೇ ಹೊರತು ಲೋಹ ಕಂಡಿರಲಿಲ್ಲ. “ನೀನು ಕಚ್ಚಿಸಿದ್ದು ಬಣ್ಣಕ್ಕೆ, ವಿಮಾನಕ್ಕಲ್ಲ ಮಾರಾಯ” ಎಂದರು. ಮುಚ್ಚಳ ತೆಗೆಯುವ ಮೊದಲು ನಾಝಲ್ ತಾಗಿಸುವ ಕ್ರಮವನ್ನು ಅವರು ನನಗೆ ಹಿಂದಿನ ದಿನವಷ್ಟೇ ಬಾಯಿಪಾಠ ಮಾಡಿಸಿದ್ದರು. ಮುಚ್ಚಳ ತೆರೆದಿದ್ದರೆ ಆ ಕಿಡಿ ಆವಿಯ ನಡುವೆಯೇ ಹಾರುತ್ತಿತ್ತು.

ಪ್ರಶ್ನೆ: ತಂತಿ ಸರಿಯಾಗಿ ಕಟ್ಟಿದ ಮೇಲೆ ಎಷ್ಟು ವೇಗವಾಗಿ ಬೇಕಾದರೂ ತುಂಬಬಹುದೇ? (ಓದುಗರು, ಹೊನ್ನಾವರ)

ಉತ್ತರ: ಇಲ್ಲ. ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ವೃತ್ತಿಯಲ್ಲಿರುವವರೂ ಇಲ್ಲಿ ತಪ್ಪುತ್ತಾರೆ. ತಂತಿ ಸರಿಪಡಿಸುವುದು ಲೋಹದಿಂದ ಲೋಹಕ್ಕಿರುವ ಅಂತರವನ್ನು ಮಾತ್ರ. ಇಂಧನದ ಒಳಗೇ ಸಿಕ್ಕಿಬಿದ್ದಿರುವ ಆವೇಶವನ್ನು ಅದು ಒಮ್ಮೆಗೇ ಎಳೆದು ಹಾಕಲಾರದು. ಇಂಧನ ವಿದ್ಯುತ್ತನ್ನು ಅತಿ ನಿಧಾನವಾಗಿ ಸಾಗಿಸುವ ವಸ್ತುವಾದ್ದರಿಂದ ಆ ಆವೇಶ ಟ್ಯಾಂಕಿನ ಗೋಡೆ ತಲುಪಲು ಹೊತ್ತು ಬೇಕು. ಲೆಕ್ಕ ಹಾಕಿದರೆ, ವಾಹಕತೆ ಮೀಟರಿಗೆ 1 ಪಿಕೋಸೀಮೆನ್ಸ್‌ನಷ್ಟು ಕಡಿಮೆ ಇರುವ ಇಂಧನದಲ್ಲಿ ಆವೇಶ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯಲು ಸುಮಾರು 18 ಸೆಕೆಂಡ್ ಹಿಡಿಯುತ್ತದೆ. ವಾಹಕತೆ 50 ಇದ್ದರೆ ಅರ್ಧ ಸೆಕೆಂಡೂ ಬೇಡ. ಈ ಕಾರಣಕ್ಕೇ ಜೆಟ್ ಇಂಧನಕ್ಕೆ ವಾಹಕತೆ ಹೆಚ್ಚಿಸುವ ದ್ರವ್ಯವನ್ನು ಲಕ್ಷದಲ್ಲಿ ಕೆಲವೇ ಪಾಲಿಗಿಂತಲೂ ಕಡಿಮೆ ಪ್ರಮಾಣದಲ್ಲಿ ಬೆರೆಸುತ್ತಾರೆ, ಮತ್ತು ಅಂಥ ಇಂಧನದ ವಾಹಕತೆ 50ರಿಂದ 600ರ ನಡುವೆ ಇರಬೇಕೆಂಬ ನಿಯಮವಿದೆ.

ಆದ್ದರಿಂದ ಮೊದಮೊದಲು ನಿಧಾನವಾಗಿ ಬಿಡಬೇಕು. ದೊಡ್ಡ ಟ್ಯಾಂಕುಗಳಲ್ಲಿ ಒಳಬರುವ ಕೊಳವೆಯ ತುದಿ ಮುಳುಗುವವರೆಗೆ ಸೆಕೆಂಡಿಗೆ 1 ಮೀಟರಿಗಿಂತ ವೇಗ ಮೀರಬಾರದೆಂಬ ರೂಢಿಯಿದೆ. ಮೇಲಿನಿಂದ ಧಾರೆಯಾಗಿ ಬಿದ್ದು ಚಿಮ್ಮುವ ಇಂಧನ ಹನಿಹನಿಯಾಗಿ ಒಡೆದು ಇನ್ನಷ್ಟು ಆವೇಶ ಹುಟ್ಟಿಸುತ್ತದೆ, ಜೊತೆಗೆ ಮಂಜಿನಂತೆ ಹರಡಿ ಬೇಗ ಹೊತ್ತಿಕೊಳ್ಳುವ ಸ್ಥಿತಿಗೂ ಬರುತ್ತದೆ. ತುಂಬಿ ಮುಗಿದ ಕೂಡಲೇ ಲೋಹದ ಅಳತೆಕಡ್ಡಿಯನ್ನು ಟ್ಯಾಂಕಿಗೆ ಇಳಿಸುವ ಆತುರವೂ ಬೇಡ.

ಪ್ರಶ್ನೆ: ರೆಕ್ಕೆಯ ಹಿಂಬದಿಯಲ್ಲಿ ಕಡ್ಡಿಗಳಂತೆ ಚಾಚಿಕೊಂಡಿರುವ ಭಾಗಗಳು ಸ್ಥಾಯೀ ವಿದ್ಯುತ್ತನ್ನು ಹೊರಹಾಕುತ್ತವೆಂದು ಓದಿದ್ದೇನೆ. ಅವು ಇದ್ದ ಮೇಲೆ ಈ ತೊಂದರೆ ಏಕೆ? (ವಿದ್ಯಾರ್ಥಿನಿ, ದಾಂಡೇಲಿ)

ಉತ್ತರ: ಅವು ಹಾರಾಟದಲ್ಲಿ ಕೆಲಸ ಮಾಡುವಂಥವು. ಮಳೆಹನಿ, ಧೂಳು, ಮಂಜಿನ ಕಣಗಳ ಉಜ್ಜಾಟದಿಂದ ಸೇರುವ ಆವೇಶವನ್ನು ವೇಗದ ಗಾಳಿಗೆ ಬಿಟ್ಟುಕೊಟ್ಟು ರೇಡಿಯೋದಲ್ಲಿ ಗರಗರ ಸದ್ದಾಗದಂತೆ ನೋಡಿಕೊಳ್ಳುವುದು ಅವುಗಳ ಮುಖ್ಯ ಉದ್ದೇಶ. ನೆಲದ ಮೇಲೆ ನಿಂತ ವಿಮಾನಕ್ಕೆ ಇಂಧನ ತುಂಬುವಾಗ ಅವುಗಳನ್ನು ನೆಚ್ಚಿಕೊಳ್ಳುವಂತಿಲ್ಲ.

ಪ್ರಶ್ನೆ: ನನ್ನ ತಮ್ಮ ಮತ್ತು ಅವನ ಗೆಳೆಯರು ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಹಾರುವ ಪ್ಯಾರಾಮೋಟರ್ ಕಲಿತಿದ್ದಾರೆ. ಕಡಲತೀರದಲ್ಲಿ ಪ್ಲಾಸ್ಟಿಕ್ ಕ್ಯಾನಿನಿಂದ ಪ್ಲಾಸ್ಟಿಕ್ ಆಲಿಕೆ ಇಟ್ಟು ಪೆಟ್ರೋಲ್ ತುಂಬುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಅದೇ ಕ್ಷೇಮ ಎಂಬುದು ಅವರ ವಾದ. ನನಗೆ ಸಮಾಧಾನವಿಲ್ಲ. (ಓದುಗರು, ಕುಮಟಾ)

ಉತ್ತರ: ನಿಮ್ಮ ಅಸಮಾಧಾನಕ್ಕೆ ಆಧಾರವಿದೆ. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂಬುದೇ ಇಲ್ಲಿಯ ತೊಂದರೆ. ಪೆಟ್ರೋಲ್ ಹರಿದಾಗ ಹುಟ್ಟಿದ ಆವೇಶ ಪ್ಲಾಸ್ಟಿಕ್ಕಿನ ಮೇಲೆ ಕುಳಿತಲ್ಲೇ ಕುಳಿತಿರುತ್ತದೆ, ಮತ್ತು ಅದಕ್ಕೆ ತಂತಿ ಕಟ್ಟಿ ಬಿಡಿಸುವುದಕ್ಕೂ ಆಗುವುದಿಲ್ಲ. ಲೋಹದ ಪಾತ್ರೆಗಾದರೆ ಒಂದು ಕ್ಲಿಪ್ ಸಿಕ್ಕಿಸಿದರೆ ಇಡೀ ಪಾತ್ರೆಯೇ ನಮ್ಮ ಹಿಡಿತಕ್ಕೆ ಬರುತ್ತದೆ.

ಹಾಗೆಂದು ಪ್ಲಾಸ್ಟಿಕ್ ಟ್ಯಾಂಕಿನ ಬಾಯಿಗೆ ಲೋಹದ ಆಲಿಕೆ ಇಟ್ಟರೆ ಸರಿಹೋಯಿತು ಎಂದುಕೊಳ್ಳಬಾರದು. ಸುತ್ತ ಪ್ಲಾಸ್ಟಿಕ್, ನಡುವೆ ಯಾವುದಕ್ಕೂ ಸಂಪರ್ಕವಿಲ್ಲದೆ ಒಂಟಿಯಾಗಿ ಕೂತ ಲೋಹ, ಇದಕ್ಕಿಂತ ಕೆಟ್ಟ ಜೋಡಣೆ ಇನ್ನೊಂದಿಲ್ಲ. ಪ್ಲಾಸ್ಟಿಕ್ ತನ್ನ ಆವೇಶವನ್ನು ಒಂದು ಜಾಗದಿಂದ ಸ್ವಲ್ಪ ಸ್ವಲ್ಪವಾಗಿ ಮಾತ್ರ ಬಿಟ್ಟುಕೊಡುತ್ತದೆ; ಒಂಟಿ ಲೋಹವಾದರೆ ತಾನು ಕೂಡಿಸಿಕೊಂಡದ್ದನ್ನೆಲ್ಲ ಒಂದೇ ಕಿಡಿಯಲ್ಲಿ ಸುರಿದುಬಿಡುತ್ತದೆ. ಆದ್ದರಿಂದ ಕ್ಯಾನು ಲೋಹದ್ದಾಗಿರಲಿ, ಆಲಿಕೆಯೂ ಲೋಹದ್ದಾಗಿರಲಿ, ಎರಡರ ನಡುವೆ ಎರಡೂ ತುದಿಗೆ ಕ್ಲಿಪ್ ಇರುವ ಒಂದು ತಂತಿ ಇರಲಿ, ಸಾಧ್ಯವಾದರೆ ಅದೇ ತಂತಿಯನ್ನು ಎಂಜಿನ್ನಿನ ಚೌಕಟ್ಟಿಗೂ ಮುಟ್ಟಿಸಿ. ಕ್ಯಾನನ್ನು ಎತ್ತಿ ಹಿಡಿದು ಸುರಿಯದೆ, ಅದರ ಬಾಯಿಯನ್ನು ಆಲಿಕೆಗೆ ತಾಗಿಸಿಯೇ ನಿಧಾನವಾಗಿ ಬಗ್ಗಿಸಬೇಕು. ನೀರು ಸೋಸಲೆಂದು ಕೆಲವರು ಆಲಿಕೆಯಲ್ಲಿ ಮೆದುಚರ್ಮದ ತುಂಡು ಹಾಕುವುದುಂಟು. ಪ್ಲಾಸ್ಟಿಕ್ ಆಲಿಕೆಯ ಜೊತೆಗೆ ಅದನ್ನು ಬಳಸಿದರೆ ಆವೇಶ ಹುಟ್ಟಿಸುವ ಫಿಲ್ಟರನ್ನು ನಾವೇ ಟ್ಯಾಂಕಿನ ಬಾಯಿಗೆ ಇಟ್ಟಂತಾಗುತ್ತದೆ.

ಇನ್ನೆರಡು ಮಾತು. ಹಾರುವ ರೆಕ್ಕೆಯ ಬಟ್ಟೆ ನೈಲಾನಿನದು, ಅದನ್ನು ಮಡಿಸುವಾಗ, ಮರಳಿನ ಮೇಲೆ ಎಳೆಯುವಾಗ ಸಾಕಷ್ಟು ಆವೇಶ ಹುಟ್ಟುತ್ತದೆ. ಪೆಟ್ರೋಲ್ ತುಂಬುವ ಜಾಗದಿಂದ ಅದನ್ನು ದೂರ ಇಡಬೇಕು, ಮತ್ತು ಅದನ್ನು ಮಡಿಸಿದವರು ಲೋಹವನ್ನು ಬರಿಗೈಯಲ್ಲಿ ಮುಟ್ಟದೆ ಕ್ಯಾನಿನ ಹತ್ತಿರ ಬರಬಾರದು. ಆಗಷ್ಟೇ ಇಳಿದ ಎಂಜಿನ್ನಿನ ಸೈಲೆನ್ಸರ್ ಕಾದಿರುವಾಗ ತುಂಬುವುದಂತೂ ಸ್ಥಾಯೀ ವಿದ್ಯುತ್ತಿನ ಮಾತೇ ಬೇಡದ ನೇರ ಅಪಾಯ.

ಪ್ರಶ್ನೆ: ಈಗಿನ ಕೆಲವು ತರಬೇತಿ ವಿಮಾನಗಳು ಜೆಟ್ ಇಂಧನದಲ್ಲೇ ಓಡುತ್ತವಂತೆ. ಅದು ಸೀಮೆಎಣ್ಣೆಯ ಜಾತಿಯದು ಎನ್ನುತ್ತಾರೆ. ಒಂದು ಕಾಲದಲ್ಲಿ ಮನೆಮನೆಯಲ್ಲೂ ಸೀಮೆಎಣ್ಣೆ ಇಟ್ಟುಕೊಂಡಿದ್ದೆವಲ್ಲ, ಅದಕ್ಕೆ ಇಷ್ಟು ಎಚ್ಚರ ಬೇಕೆ? (ನಿವೃತ್ತ ಶಿಕ್ಷಕರು, ಭಟ್ಕಳ)

ಉತ್ತರ: ಹೋಲಿಕೆ ಸರಿಯಾಗಿದೆ. ಪಿಸ್ಟನ್ ಎಂಜಿನ್ನುಗಳ ನೀಲಿ ಬಣ್ಣದ ಏವ್‌ಗ್ಯಾಸ್ 100ಎಲ್‌ಎಲ್ ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಜೆಟ್ ಎ-1 ಇಂಧನಕ್ಕೆ ಆ ಸ್ಥಿತಿ ಬರುವುದು 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲೆ. ಡೈಮಂಡ್ ಡಿಎ 42ರಂಥ ಡೀಸೆಲ್ ಎಂಜಿನ್ನಿನ ಸಣ್ಣ ವಿಮಾನಗಳು ಈ ಇಂಧನವನ್ನೇ ಬಳಸುತ್ತವೆ.

ಆದರೆ 38 ಡಿಗ್ರಿ ಎಂಬುದನ್ನು ನಮ್ಮ ಕಡಲತೀರದ ಏಪ್ರಿಲ್ ಮಧ್ಯಾಹ್ನಕ್ಕೆ ಇಟ್ಟು ನೋಡಿ. ಗಾಳಿಯ ಉಷ್ಣತೆ 34 ಇದ್ದರೂ ಬಿಸಿಲಲ್ಲಿ ನಿಂತ ರೆಕ್ಕೆಯ ತಗಡು ಕೈಯಿಡಲಾಗದಷ್ಟು ಕಾಯುತ್ತದೆ, ಅದರ ಒಳಗೆ ತಳದಲ್ಲಿ ಉಳಿದ ತೆಳುವಾದ ಇಂಧನವೂ ಕಾಯುತ್ತದೆ. ಅಂಥ ಟ್ಯಾಂಕಿನಲ್ಲಿ ಸೀಮೆಎಣ್ಣೆಯ ಜಾತಿ ಎಂಬ ನೆಮ್ಮದಿಗೆ ಜಾಗವಿಲ್ಲ. ಇನ್ನೊಂದು ವಿಷಯವೂ ಇದೆ: ಪೆಟ್ರೋಲ್ ತುಂಬಿದ ಮುಚ್ಚಿದ ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ಎಷ್ಟು ದಟ್ಟವಾಗಿರುತ್ತದೆಂದರೆ ಅಲ್ಲಿ ಉರಿಯಲು ಬೇಕಾದ ಗಾಳಿಯೇ ಸಾಲದು, ಅಪಾಯವಿರುವುದು ಅದು ಗಾಳಿಯೊಡನೆ ಬೆರೆಯುವ ಬಾಯಿಯ ಹತ್ತಿರ. ಕಾದ ಜೆಟ್ ಇಂಧನದ ಟ್ಯಾಂಕಿನಲ್ಲಾದರೆ ಒಳಗಿನ ಆವಿಯೇ ಉರಿಯಲು ತಕ್ಕ ಪ್ರಮಾಣದಲ್ಲಿ ಇರಬಹುದು. ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ ಯೋಜನೆಯಾಗಿರುವ ವಿಮಾನ ನಿಲ್ದಾಣದಲ್ಲಿ ಮುಂದೆ ಕೆಲಸಕ್ಕೆ ಸೇರುವ ನಮ್ಮ ಹುಡುಗರು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕೆಂಬುದು ನನ್ನ ಆಸೆ.

ಸಂಯುಕ್ತ ನಾರಿನಿಂದ, ಅಂದರೆ ಫೈಬರಿನಿಂದ ಮಾಡಿದ ವಿಮಾನಗಳಲ್ಲಿ ಹೊರಮೈಗೆ ಕ್ಲಿಪ್ ಕಚ್ಚಿಸಿ ಪ್ರಯೋಜನವಿಲ್ಲ. ತಯಾರಕರು ಬಾಂಡಿಂಗಿಗೆಂದು ಗುರುತು ಮಾಡಿದ ಲೋಹದ ಜಾಗವನ್ನೇ ಹುಡುಕಿ ಬಳಸಬೇಕು.

ಪ್ರಶ್ನೆ: ಕಳೆ ಕೊಚ್ಚುವ ಯಂತ್ರಕ್ಕೂ ಔಷಧಿ ಹೊಡೆಯುವ ಪಂಪಿಗೂ ಬೇಕೆಂದು ಜೀಪಿನ ಹಿಂದೆ ಪ್ಲಾಸ್ಟಿಕ್ ಕ್ಯಾನಿಟ್ಟು ಪೆಟ್ರೋಲ್ ತರುತ್ತೇವೆ. ವಿಮಾನದ ನಿಯಮ ನಮ್ಮ ಅಡಿಕೆ ತೋಟಕ್ಕೂ ಅನ್ವಯಿಸುತ್ತದೆಯೇ? ಬಂಕಿನಲ್ಲಿ ಮೊಬೈಲ್ ಬಳಸಬಾರದೆನ್ನುವುದೂ ಇದೇ ಕಾರಣಕ್ಕೋ? (ಓದುಗರು, ಶಿರಸಿ)

ಉತ್ತರ: ಪೆಟ್ರೋಲಿಗೆ ತೋಟ ಯಾವುದು, ವಿಮಾನ ಯಾವುದು ಎಂಬ ಭೇದವಿಲ್ಲ. ಶಿರಸಿಯ ಜನವರಿಯಂತೂ ಕರಾವಳಿಗಿಂತ ಒಣ. ಉಣ್ಣೆಯ ಸ್ವೆಟರ್ ತೆಗೆದಾಗ ಚಟಚಟ ಎನ್ನುವುದನ್ನು ನೀವೂ ಕೇಳಿರುತ್ತೀರಿ.

ಅಮೆರಿಕದಲ್ಲಿ 1990ರ ದಶಕದಲ್ಲಿ ಪಿಕಪ್ ವಾಹನಗಳ ಹಿಂಬದಿಯ ಪ್ಲಾಸ್ಟಿಕ್ ಹಾಸಿನ ಮೇಲೆಯೇ ಕ್ಯಾನಿಟ್ಟು ಪೆಟ್ರೋಲ್ ತುಂಬುವಾಗ ಬೆಂಕಿ ಹೊತ್ತಿದ ಹಲವು ಪ್ರಕರಣಗಳಾದವು. ಪ್ಲಾಸ್ಟಿಕ್ ಹಾಸಿನಿಂದಾಗಿ ಕ್ಯಾನಿನ ಆವೇಶಕ್ಕೆ ನೆಲಕ್ಕಿಳಿಯುವ ದಾರಿ ಇರಲಿಲ್ಲ. ಆಗಿನಿಂದ ಅಲ್ಲಿ ಹೇಳುತ್ತಿರುವುದು ಒಂದೇ ಮಾತು: ಕ್ಯಾನನ್ನು ವಾಹನದಿಂದ ಕೆಳಗಿಳಿಸಿ, ನೆಲದ ಮೇಲಿಟ್ಟು, ನಾಝಲ್ ಅದರ ಬಾಯಿಗೆ ತಾಗಿರುವಂತೆ ನಿಧಾನವಾಗಿ ತುಂಬಿ. ನಮ್ಮಲ್ಲಿ ಜೀಪಿನ ಹಿಂದೆ ಟಾರ್ಪಾಲಿನ ಮೇಲೆ ಕ್ಯಾನಿಟ್ಟುಕೊಂಡೇ ನಾಝಲ್ ಚಾಚಿಸಿಕೊಳ್ಳುವವರನ್ನು ನೋಡಿದ್ದೇನೆ. ಕ್ಯಾನನ್ನು ಇಳಿಸಲು ಬೇಕಾಗುವುದು ಅರ್ಧ ನಿಮಿಷ. ಕಾನೂನಿನ ಮಾತೂ ಇದೆ: 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಸ್ವಂತಕ್ಕೆ ಇಟ್ಟುಕೊಳ್ಳಬಹುದಾದ ಪೆಟ್ರೋಲ್ 30 ಲೀಟರ್ ಮೀರಬಾರದು, ಮತ್ತು ಅದನ್ನು ಇಡುವ ದೊಡ್ಡ ಪಾತ್ರೆ ಗಟ್ಟಿ ಮುಚ್ಚಳದ ಲೋಹದ್ದಾಗಿದ್ದು 25 ಲೀಟರಿನೊಳಗಿರಬೇಕು. ಪ್ಲಾಸ್ಟಿಕ್ ಕ್ಯಾನಿಗೆ ಅಲ್ಲಿ ಜಾಗವಿಲ್ಲ.

ಮೊಬೈಲಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೊಬೈಲಿನಿಂದ ಬಂಕಿಗೆ ಬೆಂಕಿ ಬಿತ್ತೆಂದು ಹೇಳಿದ ಘಟನೆಗಳನ್ನು ಅಮೆರಿಕದ ಪೆಟ್ರೋಲಿಯಂ ಎಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಪರಿಶೀಲಿಸಿದಾಗ, ಫೋನೇ ಕಾರಣವೆಂದು ದೃಢಪಟ್ಟದ್ದು ಇರಲಿಲ್ಲ; ಪೆಟ್ರೋಲ್ ತುಂಬುತ್ತಿರುವಾಗಲೇ ಕಾರಿನೊಳಗೆ ಹೋಗಿ ಕೂತು, ಸೀಟಿಗೆ ಬಟ್ಟೆ ಉಜ್ಜಿಕೊಂಡು, ಹೊರಬಂದು ನೇರವಾಗಿ ನಾಝಲ್ ಮುಟ್ಟಿದವರ ಕೈಯಿಂದ ಹಾರಿದ ಕಿಡಿಯೇ ಬಹಳಷ್ಟು ಬೆಂಕಿಗಳ ಮೂಲವಾಗಿ ಕಂಡಿತ್ತು. ಆದರೂ ಬಂಕಿನಲ್ಲಿ ಫೋನು ಜೇಬಿನಲ್ಲೇ ಇರಲಿ. ನಿಯಮ ಇದೆ, ಗಮನವೂ ಬೇರೆಡೆಗೆ ಹೋಗುತ್ತದೆ. ವಾಹನದಿಂದ ಇಳಿದವರು, ಸ್ವೆಟರ್ ಅಥವಾ ರೈನ್‌ಕೋಟ್ ಬಿಚ್ಚಿದವರು ಮೊದಲು ಟ್ಯಾಂಕಿನಿಂದ ದೂರವಿರುವ ಬರಿಯ ಲೋಹವನ್ನು ಮುಟ್ಟುವುದು ಅದಕ್ಕಿಂತ ಮುಖ್ಯ. ಒಂದು ವೇಳೆ ನಾಝಲ್ ಬಾಯಲ್ಲಿ ಜ್ವಾಲೆ ಕಂಡರೆ ಗಾಬರಿಯಿಂದ ಅದನ್ನು ಹೊರಗೆ ಎಳೆಯಬಾರದು. ಎಳೆದರೆ ಪೆಟ್ರೋಲ್ ಚೆಲ್ಲಿ ಬೆಂಕಿ ನಮ್ಮ ಮೈಮೇಲೆಯೇ ಬರುತ್ತದೆ. ಅದನ್ನು ಅಲ್ಲೇ ಬಿಟ್ಟು ದೂರ ಸರಿದು ಪಂಪನ್ನು ನಿಲ್ಲಿಸಬೇಕು.

ಪ್ರಶ್ನೆ: ಬೈತಖೋಲ್ ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತೇನೆ. ಇಲ್ಲಿ ಹೊಸ ಕ್ಲಿಪ್ ತಂದರೆ ಒಂದು ಮಳೆಗಾಲದಲ್ಲೇ ಹಸಿರುಗಟ್ಟುತ್ತದೆ. ತಂತಿ ಕಟ್ಟಿದ್ದು ನಿಜವಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? (ಮೆಕ್ಯಾನಿಕ್, ಕಾರವಾರ)

ಉತ್ತರ: ಮೊದಲ ಪ್ರಶ್ನೆ ಕೇಳಿದವರಿಗೆ ನಿಮ್ಮ ಪತ್ರವೇ ಇನ್ನೊಂದು ಉತ್ತರ. ಕಡಲ ಗಾಳಿಯಲ್ಲಿರುವುದು ಬರೀ ತೇವವಲ್ಲ, ಉಪ್ಪು. ಬಟ್ಟೆಯ ಮೇಲಿನ ಆವೇಶವನ್ನು ಇಳಿಸಿ ನಮಗೆ ಉಪಕಾರ ಮಾಡುವ ಅದೇ ಗಾಳಿ, ವಿಮಾನವನ್ನು ಕಾಯಬೇಕಾದ ಕ್ಲಿಪ್ಪನ್ನು ತಿಂದುಹಾಕುತ್ತದೆ. ಹಿತ್ತಾಳೆಯ ಕ್ಲಿಪ್ಪಿನ ಹಲ್ಲುಗಳ ಸಂದಿಯಲ್ಲಿ ಮೂಡುವ ಆ ಹಸಿರು ಪುಡಿ ವಿದ್ಯುತ್ತಿಗೆ ಅಡ್ಡಿ. ಅದಕ್ಕಿಂತ ಮೋಸದ್ದು ತಂತಿಯ ಪ್ಲಾಸ್ಟಿಕ್ ಹೊದಿಕೆಯ ಒಳಗೆ ನಡೆಯುತ್ತದೆ: ಕ್ಲಿಪ್ಪಿನ ಬುಡದಲ್ಲಿ ಉಪ್ಪುನೀರು ಹೀರಿಕೊಂಡ ತಾಮ್ರದ ಎಳೆಗಳು ಕಪ್ಪಾಗಿ, ಬಗ್ಗಿಸಿ ಬಗ್ಗಿಸಿ ಒಂದೊಂದೇ ತುಂಡಾಗಿ, ಹೊರಗಿನಿಂದ ನೋಡಿದರೆ ತಂತಿ ನೆಟ್ಟಗಿರುವಂತೆಯೇ ಕಾಣುತ್ತದೆ. ಹಾಗಾಗಿ ಬಾಂಡಿಂಗಿಗೆ ಹೊದಿಕೆಯಿಲ್ಲದ ಅಥವಾ ಪಾರದರ್ಶಕ ಹೊದಿಕೆಯ ತಂತಿಯನ್ನು ನಾನು ಇಷ್ಟಪಡುತ್ತೇನೆ. ಎಳೆ ತುಂಡಾದದ್ದು ಕಣ್ಣಿಗೆ ಬೀಳುತ್ತದೆ.

ಪರೀಕ್ಷೆ ಸುಲಭ, ನಿಮ್ಮ ಪೆಟ್ಟಿಗೆಯಲ್ಲಿರುವ ಮಲ್ಟಿಮೀಟರ್ ಸಾಕು. ಒಂದು ಕಡ್ಡಿಯನ್ನು ಪಂಪಿನ ಲೋಹಕ್ಕೆ, ಇನ್ನೊಂದನ್ನು ತಂತಿಯ ಕೊನೆಯ ಕ್ಲಿಪ್ಪಿನ ಹಲ್ಲಿಗೆ ಒತ್ತಿ ಹಿಡಿದು ಓಮ್ ನೋಡಬೇಕು. ಹಾಗೆ ಹಿಡಿದಿರುವಾಗಲೇ ಕ್ಲಿಪ್ಪಿನ ಬುಡದಲ್ಲಿ ತಂತಿಯನ್ನು ಆಚೀಚೆ ಬಗ್ಗಿಸಬೇಕು. ಸ್ಥಾಯೀ ವಿದ್ಯುತ್ತಿನ ಪ್ರವಾಹ ತೀರಾ ಸಣ್ಣದಾದ್ದರಿಂದ 10 ಲಕ್ಷ ಓಮ್ ಇದ್ದರೂ ಆವೇಶ ಹರಿದುಹೋಗಬಲ್ಲದು ಎಂಬುದು ತತ್ವ. ಆದರೆ ಪೂರ್ತಿ ಲೋಹದ ದಾರಿ ನೆಟ್ಟಗಿದ್ದರೆ ಮೀಟರ್ 10 ಓಮಿನ ಕೆಳಗೇ ಇರುತ್ತದೆ. ಅದಕ್ಕಿಂತ ಮೇಲೆ ಹೋದರೆ, ಅಥವಾ ಬಗ್ಗಿಸಿದಾಗ ಅಂಕಿ ಕುಣಿದರೆ, ಎಲ್ಲೋ ತುಕ್ಕು ಹಿಡಿದಿದೆ ಅಥವಾ ಎಳೆ ಹರಿದಿದೆ ಎಂದೇ ಅರ್ಥ. ಇದನ್ನು ಪೆಟ್ರೋಲಿನ ಹತ್ತಿರ, ಟ್ಯಾಂಕಿನ ಬಾಯಿ ತೆರೆದಿರುವಾಗ ಮಾಡಕೂಡದು.

ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಕ್ಲಿಪ್ಪನ್ನು ಬಿಚ್ಚಿ, ಹಲ್ಲುಗಳನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ಸ್ಪ್ರಿಂಗ್ ಸಡಿಲವಾಗಿದ್ದರೆ ಕ್ಲಿಪ್ಪನ್ನೇ ಬದಲಿಸಬೇಕು. ವಿಮಾನದ ಕಡೆಯ ಲೋಹದ ಜಾಗವನ್ನೂ ಹೀಗೆಯೇ ಸ್ವಚ್ಛವಾಗಿಡಬೇಕು, ಹೊಸ ಬಣ್ಣ ಹೊಡೆಯುವವರು ಅದರ ಮೇಲೂ ಬ್ರಷ್ ಎಳೆಯದಂತೆ ನೋಡಿಕೊಳ್ಳಬೇಕು. ನಾನು ಕೆಲಸದಲ್ಲಿದ್ದಷ್ಟು ದಿನವೂ ಕ್ಲಿಪ್ ಕಚ್ಚಿಸಿದ ಮೇಲೆ ಅದನ್ನು ಹಿಡಿದು ಸ್ವಲ್ಪ ತಿರುಚುತ್ತಿದ್ದೆ. ಹಲ್ಲು ಲೋಹವನ್ನು ಕೆರೆಯುವ ಆ ಕರ್ ಎನ್ನುವ ಸದ್ದು ಕಿವಿಗೆ ಬಿದ್ದ ಮೇಲೆಯೇ ಏಣಿ ಹತ್ತುತ್ತಿದ್ದೆ.